ಅಜ್ಜಿಯ ಬಲಗಾಲು

ಪೆನ್ಸಿಲ್ ಹಿಡಿದವನ ಮುಂದೆ ಮನುಷ್ಯರು ಇದ್ದ ಹಾಗೆ ಇರುವುದಿಲ್ಲ. ಒಂದೋ ಸೆಟೆದು ನಿಲ್ಲುತ್ತಾರೆ, ಇಲ್ಲವೇ ಓಡಿಹೋಗುತ್ತಾರೆ. ಐವತ್ತರ ದಶಕದಲ್ಲಿ ಎಚ್.ಡಿ. ಕೋಟೆ ಸೀಮೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಎರಡನ್ನೂ ಕಂಡವನು. ಕೆಲಸ ಖಾಯಂ ಆಗಬೇಕಾದರೆ ಮೇಲಿನ ಪರೀಕ್ಷೆ ಪಾಸಾಗಬೇಕಿತ್ತು. ಅದಕ್ಕೆ ಜೀವಂತ ಮನುಷ್ಯರನ್ನು ನೋಡಿ, ಎರಡೆರಡು ನಿಮಿಷದಲ್ಲಿ ಬರೆದ ಚಿತ್ರಗಳ ಪುಸ್ತಕವೊಂದನ್ನು ಒಪ್ಪಿಸಬೇಕಿತ್ತು.

೧. ಕೋಟು

ಅಂತರಸಂತೆಯ ಸಂತೆಯಲ್ಲಿ ಗೌಡರೊಬ್ಬರು ರಾಗಿ ಮೂಟೆ ಎತ್ತಲು ಬಗ್ಗಿದ್ದರು. ಆ ಬೆನ್ನಿನ ಬಾಗು ನೋಡಿ ನನಗೆ ಆಸೆಯಾಯಿತು. ಎರಡು ಗೆರೆ ಎಳೆಯುವಷ್ಟರಲ್ಲಿ ಅವರಿಗೆ ಗೊತ್ತಾಗಿ, "ಇರಿ ಮೇಷ್ಟ್ರೆ, ಬಂದೆ" ಎಂದು ಹೋದವರು ಕರಿ ಕೋಟು, ಪೇಟ, ಹಣೆ ತುಂಬ ವಿಭೂತಿ ಧರಿಸಿ ಬಂದು ಕೂತರು.

"ಗೌಡರೆ, ನನಗೆ ಮೂಟೆ ಎತ್ತುವುದು ಬೇಕಾಗಿತ್ತು" ಎಂದೆ.

ಅವರಿಗೆ ಬೇಜಾರಾಯಿತು. "ಕೋಟು ಆಕ್ಕೊಂಡು ಯಾರಾನ ಮೂಟೆ ಎತ್ತಾರಾ ಮೇಷ್ಟ್ರೆ?"

೨. ಪೆನ್ಸಿಲ್ ಹೊರಗೆ

ಎಚ್.ಡಿ. ಕೋಟೆಯ ಛತ್ರದ ಜಗಲಿಯಲ್ಲಿ ಕೋಲೂರಿ ಕೂರುತ್ತಿದ್ದ ಮುದುಕರೊಬ್ಬರನ್ನು ತಲೆಯಿಂದ ಕಾಲಿನವರೆಗೆ ಚೆನ್ನಾಗಿ ಬರೆದೆ. ಎಂಬತ್ತು ದಾಟಿದ್ದ ಜೀವ. ಎಂಟೇ ದಿನಕ್ಕೆ ತೀರಿಕೊಂಡರು. ನನ್ನೊಡನೆ ಅಕ್ಕರೆಯಿಂದ ಮಾತಾಡುತ್ತಿದ್ದವರು, ನನಗೂ ಸಂಕಟವಾಯಿತು. ಆದರೆ ಊರು ಬೇರೆಯೇ ಲೆಕ್ಕ ಹಾಕಿತು: ಮನುಷ್ಯನ ರೂಪ ಪೂರ್ತಿ ಇಳಿಸಿದರೆ ಆಯಸ್ಸೂ ಕಾಗದಕ್ಕೆ ಇಳಿಯುತ್ತದಂತೆ.

ಆಮೇಲೆ ನನ್ನ ಕಣ್ಣಿಗೆ ಸಿಕ್ಕಿದ್ದೆಲ್ಲ ಓಡುವವರ ಬೆನ್ನುಗಳೇ. ಒಂದು ದಿನ ಕಾಫಿ ಕುಡಿಯಲು ಹೋಟೆಲಿಗೆ ಹೋದರೆ ಮಾಲೀಕ ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಚಪ್ಪಲಿ ಆಕ್ಕೊಂಡೇ ಬನ್ನಿ ಮೇಷ್ಟ್ರೆ, ಪರವಾಗಿಲ್ಲ. ಪೆನ್ಸಿಲ್ ಮಾತ್ರ ಆಚೆ ಬುಡಿ."

೩. ಉಗುರೂ ಸೈತ

ಹೀಗಿರುವಾಗ ಪಕ್ಕದ ಮನೆಯ ಸೊಸೆ ಗೋಡೆಯಾಚೆಯಿಂದ ಮೆಲ್ಲಗೆ ಕರೆದಳು. "ಮೇಷ್ಟ್ರೆ, ನಮ್ಮತ್ತೇನ ಬರೀತೀರಾ?"

ನನಗೆ ಸ್ವರ್ಗಕ್ಕೆ ಮೂರೇ ಗೇಣು.

"ಏನೂ ಬುಡಬ್ಯಾಡಿ," ಎಂದಳು, "ಉಗುರೂ ಸೈತ ಬರೀರಿ."

ಅಜ್ಜಿ ಕೊಟ್ಟಿಗೆಯಲ್ಲಿ ಹಾಲು ಕರೆದು ಬಂದು, ಹಿತ್ತಲಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಸೊಸೆಯ ಮುಖ ಒಮ್ಮೆ, ನನ್ನ ಪೆನ್ಸಿಲ್ ಒಮ್ಮೆ ನೋಡಿದರು.

"ಬರಿ ಕಣಪ್ಪ. ನಿನ್ ಕೆಲ್ಸ ಉಳೀಬೇಕಲ್ಲ. ಆದ್ರೆ ಬಲಗಾಲು ಮಾತ್ರ ಬುಟ್ಬುಡು."

"ಯಾಕಜ್ಜಿ?"

"ಒಂಟಿ ಕಾಲಿನೋಳ್ನ ಯಮ ಎಷ್ಟು ದೂರ ಅಂತ ನಡಸ್ಕೊಂಡ್ ಓಗ್ತಾನೆ?"

೪. ಎರಡು ಕಾಲು

ಮಳೆಗಾಲದಲ್ಲಿ ಅಜ್ಜಿ ಜ್ವರ ಬಂದು ಮಲಗಿದರು. ಮೂರು ದಿನ ಗಂಜಿಯೂ ಇಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸೊಸೆ ನನ್ನ ಬಾಗಿಲಿಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು.

"ಮೇಷ್ಟ್ರೆ, ನಿಜ ಯೋಳಿ. ಆ ಕಾಲು ಬರ್ದುಬುಟ್ರಾ?"

ಅಜ್ಜಿಗೆ ಮಾತು ಕೊಟ್ಟು ಅಂದು ಬಲಗಾಲು ಬಿಟ್ಟೇ ಬರೆದಿದ್ದೆ. ಆದರೆ ಪುಸ್ತಕ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಒಂಟಿ ಕಾಲಿನ ಚಿತ್ರಕ್ಕೆ ಯಾರು ಅಂಕ ಕೊಡುತ್ತಾರೆ ಎಂದು, ಅಜ್ಜಿ ಮಲಗುವ ಹಿಂದಿನ ದಿನವೇ ಅಂದಾಜಿನ ಮೇಲೆ ಬಲಗಾಲು ಬರೆದುಬಿಟ್ಟಿದ್ದೆ. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ಕೊಟ್ಟ ಮಾತಿಗೆ ತಪ್ಪಿದ್ದೆನಲ್ಲ, "ಹೂಂ" ಎನ್ನುವಾಗ ತಲೆ ಎತ್ತಲಾಗಲಿಲ್ಲ.

ಅವಳು ನನ್ನನ್ನು ಬೈಯಲಿಲ್ಲ. ಮೇಜಿನ ಮೇಲಿದ್ದ ಪುಸ್ತಕ ಕಸಿದುಕೊಂಡು ಓಡಿದಳು. ನಾನು ರಬ್ಬರ್ ಹುಡುಕಿ ಹಿಂದೆಯೇ ಹೋಗುವಷ್ಟರಲ್ಲಿ, ಅಜ್ಜಿಯ ಚಾಪೆಯ ಪಕ್ಕ ಕೂತು ಒದ್ದೆ ಸೆರಗಿನಿಂದ ಉಜ್ಜಿ ಮುಗಿಸಿದ್ದಳು. ಬಲಗಾಲೂ ಇರಲಿಲ್ಲ, ಎಡಗಾಲೂ ಇರಲಿಲ್ಲ.

"ಎಡಗಾಲು ಇರಬಹುದಿತ್ತಲ್ಲ ತಾಯಿ" ಎಂದೆ.

"ಕುಂಟ್ಕೊಂಡಾದ್ರೂ ಒಂಟೋಗ್ಬುಟ್ರೆ?" ಎಂದು ಬಿಕ್ಕಿದಳು. ಉಗುರೂ ಬಿಡಬೇಡಿ ಎಂದಿದ್ದವಳು ಇವಳೇ. ನನ್ನ ಕಣ್ಣೂ ತುಂಬಿತು. ಆ ಹಾಳೆಯನ್ನು ಮುಂದೆ ಹಾಗೆಯೇ ಪರೀಕ್ಷೆಗೆ ಒಪ್ಪಿಸಿದೆ. ಕಾಲು ಬರೆಯುವ ಧೈರ್ಯ ಮತ್ತೆ ಬರಲಿಲ್ಲ.

ಸದ್ದಿಗೆ ಅಜ್ಜಿ ಕಣ್ಣು ಬಿಟ್ಟರು. ಸೊಸೆಯ ಕೈಯಿಂದ ಪುಸ್ತಕ ತೆಗೆದುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಮೂರು ದಿನದಿಂದ ಮಾತೇ ಆಡದಿದ್ದವರು ಬಾಯಿ ತೆರೆದರು.

"ಎಲ್ಡೂ ಕಾಲು ಅಳಿಸ್ಬುಟ್ಟಿದ್ದೀಯಲ್ಲಮ್ಮಿ, ನಾಳೀಕೆ ಆಲು ಕರಿಯಕ್ಕೆ ಕೊಟ್ಟಿಗೆಗೆ ನಾನು ಎಂಗೆ ಓಗ್ಲಿ?"