ಅಡಿವೆಪ್ಪನವರ ಬಂದೂಕಿನ ಕಪಾಟು

ಅಡಿವೆಪ್ಪ: ಸಹಿ ಹಾಕು ಅಂದ್ರ ಹಾಕು. ಇರೋದ ಎರಡು ಸಾಲು, ಅರ್ಧ ತಾಸಿನಿಂದ ಅದನ್ನ ನೋಡಕೋತ ಕುಂತೀಯಲ್ಲ!

ಚಂದ್ರಶೇಖರ್: ಅಡಿವೆಪ್ಪನೋರೇ, ಮೊದಲನೇ ಸಾಲಲ್ಲಿ ಏನಿದೆ? ‘ಮಿಲಿಟರಿ ನಮೂನೆಯ ರೈಫಲ್ಲುಗಳನ್ನು ನಮ್ಮ ಕ್ಲಬ್ಬಿನಲ್ಲಿ ನಿಷೇಧಿಸಬೇಕು.’ ಇಡೀ ಕ್ಲಬ್ಬಲ್ಲಿ ಅಂಥಾದ್ದು ಇರೋದು ಒಂದೇ ಒಂದು. ಅದು ನಂದು.

ಅಡಿವೆಪ್ಪ: ನಿನ್ನ ಹೆಸರು ಎಲ್ಲೆರ ಬರದೇನೇನು?

ಚಂದ್ರಶೇಖರ್: ಬರೆದಿದ್ದೀರಲ್ಲ, ಕೆಳಗೆ! ‘ಅನುಮೋದಿಸುವವರು: ಚಂದ್ರಶೇಖರ್.’

ಅಡಿವೆಪ್ಪ: ಅದು ಗೌರವಕ್ಕ ಬರದದ್ದು.

ಎರಡು ಸಾವಿರದ ಐದನೆಯ ಇಸವಿಯ ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗಿನ ಹತ್ತೂವರೆ. ಇಂಗ್ಲಿಷರ ನಾಡಿನ ಕ್ರೋಯ್ಡನ್ನಿನಲ್ಲಿ ಅಡಿವೆಪ್ಪನವರ ಮನೆಯ ಮುಂದಿನ ಕೋಣೆ. ಅಡಿವೆಪ್ಪನವರು ಬೆಳಗಾವಿ ಕಡೆಯವರು, ಟ್ರಾಮ್ ಡಿಪೋದಲ್ಲಿ ಸೂಪರ್‌ವೈಸರು. ಅವರ ಬಳಿ ಮರದ ಹಿಡಿಯ ಹಳೆಯ ರೈಫಲ್ಲೊಂದಿದೆ. ಚಂದ್ರಶೇಖರ್ ಬೆಂಗಳೂರಿನವನು, ಕಂಪ್ಯೂಟರ್ ಕೆಲಸ, ಕೊಲಿಂಡೇಲ್‌ನಲ್ಲಿ ಫ್ಲಾಟು. ಅವನ ಬಳಿ ಕಪ್ಪಗೆ ಮಿರಿಮಿರಿ ಮಿಂಚುವ ಹೊಸ ರೈಫಲ್ಲಿದೆ. ಅವನನ್ನು ಬಂದೂಕಿನ ಕ್ಲಬ್ಬಿಗೆ ಸೇರಿಸಿದವರೇ ಅಡಿವೆಪ್ಪನವರು. ಆ ಪಾಪವನ್ನು ಈಗ ಒಂದು ಠರಾವಿನಿಂದ ತೊಳೆದುಕೊಳ್ಳಲು ಹೊರಟಿದ್ದಾರೆ.

ಚಂದ್ರಶೇಖರ್: ಗುಂಡು ನಿಮ್ಮದಕ್ಕೂ ಅದೇ, ನನ್ನದಕ್ಕೂ ಅದೇ. ಒಂದೇ ಅಂಗಡಿ, ಒಂದೇ ಡಬ್ಬಿ.

ಅಡಿವೆಪ್ಪ: ನಂದು ಒಂದು ಗುಂಡು ಹಾರಿಸಿದ ಮ್ಯಾಲ ಕೈಲೆ ಜಗ್ಗಿ ಇನ್ನೊಂದು ಹಾಕಬೇಕು. ಅಷ್ಟರಾಗ ಮನಷ್ಯಾಗ ಬುದ್ಧಿ ಬರ್ತೈತಿ. ನಿಂದು ಒತ್ತಿದಂಗೆಲ್ಲ ಹಾರ್ತೈತಿ. ಬುದ್ಧಿ ಬರೂದಕ್ಕ ವ್ಯಾಳ್ಯಾನ ಇಲ್ಲ.

ಚಂದ್ರಶೇಖರ್: ಹಾರಿಸೋದು ಕಾಗದದ ಬೋರ್ಡಿಗೆ ಅಲ್ವಾ! ನಿಮಗೆ ನಿಜವಾದ ತಕರಾರು ಅದರ ಬಣ್ಣದ ಮೇಲೆ. ಕಪ್ಪಗಿದೆ ಅಂತ ಕ್ಲಬ್ಬಿಂದ ಹೊರಗೆ ಹಾಕೋ ಮಾತನ್ನ, ಈ ದೇಶದಲ್ಲಿ, ನಾವಿಬ್ರು ಆಡಬಾರದು.

ಅಡಿವೆಪ್ಪನವರು ಗೋಡೆಯ ಕನ್ನಡಿಯತ್ತ ನೋಡಿ, ಮಾತಿನ ದಾರಿ ಬದಲಿಸಿದರು.

ಅಡಿವೆಪ್ಪ: ತಮ್ಮಾ, ತೊಂಬತ್ತೇಳರಾಗ ಪಿಸ್ತೂಲು ಇಟಗೋಬಾರದಂತ ಕಾಯ್ದೆ ಬಂದಾಗ ನನ್ನ ಪಿಸ್ತೂಲು ನಾನ ಕೈಯಾರೆ ಪೊಲೀಸರಿಗೆ ಒಯ್ದು ಕೊಟ್ಟೆ. ಒಬ್ಬಾವ ಸಾಲ್ಯಾಗ ಹೊಕ್ಕು ಪಿಸ್ತೂಲಿಲೆ ಸಣ್ಣ ಮಕ್ಕಳನ್ನ ಕೊಂದ ಸುದ್ದಿ ಕೇಳಿದ ಮ್ಯಾಲ ಮನಿಯಾಗ ಇಟಗೊಳ್ಳಾಕ ಮನಸ್ಸಾಗಲಿಲ್ಲ. ಈಗ ಉಳದದ್ದು ಇದೊಂದು ರೈಫಲ್. ನಿನ್ನ ಆ ಯುದ್ಧದ ಸಾಮಾನು ನೋಡಿ ಮಂದಿ ಅಂಜಿದ್ರ, ಸರಕಾರದವರು ನಿಂದೂ ಒಯ್ತಾರ, ನಂದೂ ಒಯ್ತಾರ.

ಚಂದ್ರಶೇಖರ್: ಇವತ್ತು ಹನ್ನೊಂದಕ್ಕೆ ಬರೋ ಆಫೀಸರಮ್ಮ ಏನಂತಾರೋ ಮೊದಲು ಅದನ್ನ ನೋಡ್ಕೊಳಿ. ಲೈಸೆನ್ಸ್ ರಿನ್ಯೂ ಆಗದಿದ್ರೆ ನನ್ನ ರೈಫಲ್ ಇರಲಿ, ನಿಮ್ಮದೇ ಇರಲ್ಲ.

ಅಡಿವೆಪ್ಪ: ನನಗೇನ ಅಂಜಿಕಿ? ಇಪ್ಪತ್ತು ವರ್ಷದಾಗ ಒಂದ ತಪ್ಪಿಲ್ಲ. ಕಬ್ಬಿಣದ ಕಪಾಟು ಗ್ವಾಡಿಗೆ ಬೋಲ್ಟ್ ಹಾಕಿ ಬಿಗದೀನಿ. ಕೀಲಿಕೈ ಎಲ್ಲೈತಿ ಅನ್ನೂದು ಹೇಣ್ತಿಗೂ ಗೊತ್ತಿರಬಾರದು ಅಂತಾರ. ಗೊತ್ತಿಲ್ಲ!

ಅಡಿವೆಪ್ಪನವರ ಹೆಂಡತಿ ಶಿವಕ್ಕ ಚಹಾ, ಒಗ್ಗರಣೆ ಅವಲಕ್ಕಿ ತಂದಿಟ್ಟರು. ಅವರ ಕಣ್ಣು ಮಾತ್ರ ಮೆಟ್ಟಿಲ ಕೆಳಗಿನ ಕಪಾಟಿನ ಮೇಲಿತ್ತು. ಕಪಾಟು ಸೋಫಾದಿಂದ ನೇರವಾಗಿ ಕಾಣುತ್ತದೆ. ಸೋಫಾದ ಮೇಲಿನ ಇಬ್ಬರು ಬೆಳಗಿನಿಂದ ಅಲ್ಲಿಂದ ಎದ್ದಿರಲಿಲ್ಲ.

ಶಿವಕ್ಕ: ಏನ್ರೀ, ಇಬ್ಬರೂ ಕೂಡಿ ಹೋಗಿ ಒಂದು ಬಾಟ್ಲಿ ಹಾಲು ತರ್ರಿ.

ಅಡಿವೆಪ್ಪ: ಒಂದು ಬಾಟ್ಲಿ ಹೊರಾಕ ಇಬ್ಬರ?

ಶಿವಕ್ಕ: ಮಾತಾಡಕೋತ ಹೋಗಿಬರ್ರಿ, ಹವಾ ಛಲೋ ಐತಿ.

ಚಂದ್ರಶೇಖರ್: ಆಲಿಕಲ್ಲು ಬೀಳ್ತಿದೆ ಅಕ್ಕಾ.

ಶಿವಕ್ಕ: ಹಂಗಾದ್ರ ಆ ಆಫೀಸರ್‌ಗೆ ಫೋನ್ ಮಾಡ್ರಿ, ಇವರಿಗೆ ಜ್ವರ ಬಂದಾವಂತ ಹೇಳ್ರಿ. ಹೊರಗಿನಿಂದ ನೋಡಿ ಹೋಗ್ತಾಳೋ, ಕಪಾಟ ತಗಸ್ತಾಳೋ?

ಅಡಿವೆಪ್ಪ: ರೈಫಲ್ ಮ್ಯಾಲಿನ ನಂಬರ್ ನೋಡೂದು ಆಕಿ ಕೆಲಸ. ತಗಸದ ಹ್ಯಾಂಗ ನೋಡ್ತಾಳ? ನೋಡೋ ಚಂದ್ರು, ಹೆಣ್ಣಮಕ್ಕಳಿಗೆ ಪೊಲೀಸ್ ಅಂದ್ರ ಎಷ್ಟು ಅಂಜಿಕಿ!

ಚಂದ್ರಶೇಖರ್: ನಮ್ಮನೇಲಿ ಹಂಗಿಲ್ಲ. ರೈಫಲ್ ಬಂದ ದಿನದಿಂದ ನನ್ನ ಹೆಂಡ್ತಿ ಅಂಬುಜಾ ಆ ರೂಮಿಗೆ ಕಾಲಿಟ್ಟಿಲ್ಲ. ನನ್ನ ಜೊತೆ ಮಾತೂ ಬಿಟ್ಟಿದಾಳೆ. ಹೋದ ತಿಂಗಳು ಆಫೀಸರಮ್ಮ ಬಂದು ನೋಡಿ, ‘ಆದರ್ಶ ವ್ಯವಸ್ಥೆ’ ಅಂತ ಬರ್ಕೊಂಡು ಹೋದ್ರು.

ಬಾಗಿಲ ಗಂಟೆ ಹೊಡೆಯಿತು. ಪೊಲೀಸರ ಕಡೆಯ ಲೈಸೆನ್ಸ್ ಆಫೀಸರು ಒಳಗೆ ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ಫೈಲು, ಮುಖದಲ್ಲಿ ನಗುವಿಗೆ ಜಾಗವಿಲ್ಲ. ಆಕೆಯ ಇಂಗ್ಲಿಷನ್ನು ಇಲ್ಲಿ ಕನ್ನಡಕ್ಕೆ ತಂದವನು ಇದನ್ನು ಬರೆಯುತ್ತಿರುವ ನಾನು. ಅರ್ಥ ಪೂರಾ ಬಂದಿದೆ, ಗತ್ತು ಅರ್ಧ ಸೋರಿಹೋಗಿದೆ.

ಆಫೀಸರ್: ಕಪಾಟಿನ ಕೀ ಯಾರ ಬಳಿ ಇರುತ್ತದೆ?

ಅಡಿವೆಪ್ಪ: ನನ್ನ ಹತ್ರ ಮಾತ್ರ. ನನ್ನ ಹೇಣ್ತಿಗೆ ಅದರ ಬಣ್ಣ ಸೈತ ಗೊತ್ತಿಲ್ಲ.

ಆಫೀಸರ್: ಒಳ್ಳೆಯದು. ಮೊದಲು ರೈಫಲ್ ನೋಡೋಣ.

ಶಿವಕ್ಕ: ತಮ್ಮಾ, ಮೊದಲ ಅವಲಕ್ಕಿ ತಿನ್ನು ಅಂತ ಹೇಳ್ರಿ ಆಕಿಗೆ.

ಚಂದ್ರಶೇಖರ್ ಹೇಳಿದ.

ಆಫೀಸರ್: ಧನ್ಯವಾದ, ಡ್ಯೂಟಿಯ ಮೇಲೆ ಏನೂ ತಿನ್ನುವುದಿಲ್ಲ.

ಶಿವಕ್ಕ: ಮಕ್ಕಳೆಷ್ಟು ಕೇಳ್ರಿ.

ಚಂದ್ರಶೇಖರ್: ಅಕ್ಕಾ, ಅದನ್ನೆಲ್ಲ ಇಲ್ಲಿ ಕೇಳಬಾರದು.

ಶಿವಕ್ಕ: ಹಂಗಾದ್ರ ಮೆಟ್ಟಲ ಕೆಳಗ ಇಲಿ ಅದಾವಂತ ಹೇಳ್ರಿ. ದೊಡ್ಡು ದೊಡ್ಡು ಇಲಿ!

ಚಂದ್ರಶೇಖರ್ ಅದನ್ನೂ ಹೇಳಿದ. ಆಫೀಸರ್ ತಟ್ಟನೆ ಎದ್ದು ನಿಂತರು.

ಆಫೀಸರ್: ಇಲಿಯೇ? ಹಾಗಾದರೆ ಈಗಲೇ ನೋಡಬೇಕು. ಮರದ ಹಿಡಿಯನ್ನು ಕಡಿದು ಹಾಕಿರುತ್ತವೆ.

ಶಿವಕ್ಕ: ಇಲಿ ಇಲ್ಲ ಅನ್ರಿ, ಇಲಿ ಇಲ್ಲ! ಹೋದ ವಾರನ ಸತ್ತಾವ ಅನ್ರಿ!

ಅಡಿವೆಪ್ಪ: ಎಲ್ಲಾರೂ ಸ್ವಲ್ಪ ಆ ಕಡೆ ಮುಖ ಮಾಡ್ರಿ. ನಾ ಕೀಲಿಕೈ ತರತೀನಿ. ಕಾಯ್ದೆ ಅಂದ್ರ ಕಾಯ್ದೆ.

ಆಫೀಸರ್ ಸಹಿತ ಮೂವರೂ ಕಿಟಕಿಯ ಕಡೆ ತಿರುಗಿ ಆಲಿಕಲ್ಲು ನೋಡುತ್ತ ನಿಂತರು. ಅಡಿವೆಪ್ಪನವರು ಮಹಡಿ ಹತ್ತಿದರು. ಮೇಲೆ ಡ್ರಾಯರುಗಳು ಒಂದೊಂದಾಗಿ ಧಡ್ ಧಡ್ ಎಂದು ತೆರೆದುಕೊಂಡವು. ಆಮೇಲೆ ಹಾಸಿಗೆ ಬಿದ್ದ ಸದ್ದು. ಕೊನೆಗೆ ಮೆಟ್ಟಿಲ ತುದಿಯಲ್ಲಿ ಬೆವರಿದ ಮುಖವೊಂದು ಕಾಣಿಸಿತು.

ಅಡಿವೆಪ್ಪ: ಶಿವಕ್ಕಾ... ನನ್ನ ಬೂದಿಬಣ್ಣದ ಸಾಕ್ಸ್ ಎಲ್ಲಿ? ಸುಮ್ನ ಕೇಳಾಕತ್ತೀನಿ. ಕಾಲು ತಣ್ಣಗಾಗ್ಯಾವ.

ಶಿವಕ್ಕ: ಅವನ್ನ ನಿನ್ನಿ ತೊಳ್ಯಾಕ ಹಾಕೀನಿ. ಅದರಾಗಿಂದು ತಗದು ಕರೇ ಸಾಕ್ಸಿನ್ಯಾಗ ಇಟ್ಟೀನಿ ನೋಡ್ರಿ.

ಶಿವಕ್ಕ ಬಾಯಿ ಮುಚ್ಚಿಕೊಂಡರು. ಆದರೆ ಮಾತು ಆಗಲೇ ಹೊರಬಿದ್ದಾಗಿತ್ತು.

ಆಫೀಸರ್: ಏನು ನಡೆಯುತ್ತಿದೆ?

ಚಂದ್ರಶೇಖರ್: ಅದು... ಸಂಸಾರದ ವಿಷಯ. ಬಟ್ಟೆ ಒಗೆಯೋದರ ಬಗ್ಗೆ.

ಅಡಿವೆಪ್ಪನವರು ಕೀಲಿಕೈ ಹಿಡಿದು ಇಳಿದು ಬಂದರು. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಆ ಪಿಸುಮಾತು ನೆರೆಮನೆಗೂ ಕೇಳಿಸಿರಬೇಕು.

ಅಡಿವೆಪ್ಪ: ನಿನಗ ಹ್ಯಾಂಗ ಗೊತ್ತು?

ಶಿವಕ್ಕ: ಈ ಮನಿಯಾಗ ಸಾಕ್ಸ್ ಯಾರು ತೊಳಿತಾರ? ಅದಕಿಂತ ಮೊದಲು ಗುರೆಳ್ಳು ಚಟ್ನಿ ಡಬ್ಬಿಯೊಳಗ ಇಟ್ಟಿದ್ರಿ, ಚಟ್ನಿ ಯಾರು ಮಾಡ್ತಾರ? ಅದಕಿಂತ ಮೊದಲು ಕರ್ಟನ್ ಪಟ್ಟಿಯೊಳಗ. ಕರ್ಟನ್ ಯಾರು ಒಗಿತಾರ? ಒಂದ್ಸಲ ಅಕ್ಕಿ ಡಬ್ಬಿಯೊಳಗ ಇಟ್ಟು ನೀವ ಮರ್ತು, ಮೂರು ದಿವಸ ಹುಡಿಕ್ಯಾಡಿದ್ರಿ. ನಾನ ತಗದು ನಿಮ್ಮ ಕೋಟಿನ ಕಿಸೆಯೊಳಗ ಹಾಕಿದೆ. ‘ನನ್ನ ನೆನಪಿನ ಶಕ್ತಿ ನೋಡು’ ಅಂತ ಎದಿ ಉಬ್ಬಿಸಿದ್ರಿ!

ಅಡಿವೆಪ್ಪನವರ ಎದೆ ಈಗ ಎಲ್ಲಿತ್ತೆಂದು ಹುಡುಕಬೇಕಾಗಿತ್ತು. ಆಫೀಸರ್ ಗಡಿಯಾರ ನೋಡಿಕೊಂಡರು. ಬೇರೆ ದಾರಿಯಿಲ್ಲದೆ ಅಡಿವೆಪ್ಪನವರು ಕಪಾಟಿನ ಬಾಗಿಲು ತೆರೆದರು.

ರೈಫಲ್ ಸರಿಯಾಗಿಯೇ ನಿಂತಿತ್ತು. ಅದರ ನಳಿಕೆಗೆ ಬೋರಮಾಳ ಸರ, ಕೆಳಗೆ ಎರಡು ಜೊತೆ ಪಾಟ್ಲಿ ಬಳೆ, ಗುಂಡು ಹಾರಿಸುವ ಕುದುರೆಗೆ ಸಿಕ್ಕಿಸಿದ ಒಂದು ಜೊತೆ ಕಿವಿಯ ಬುಗುಡಿ. ಗುಂಡಿನ ಡಬ್ಬಿಯ ಮೇಲೆ ಇಳಕಲ್ ಸೀರೆ ಮಡಿಸಿಟ್ಟಿತ್ತು.

ಆಫೀಸರ್: ಇದು... ನಿಮ್ಮ ರೈಫಲ್ಲಿಗೆ ಹೆಗಲಪಟ್ಟಿಯೇ?

ಅಡಿವೆಪ್ಪ: ಏ ಶಿವಕ್ಕಾ! ಇದೇನಿದು?

ಶಿವಕ್ಕ: ನನ್ನ ಬಂಗಾರ. ದೀಪಾವಳಿಗೆ ಬಾಜೂ ಬೀದಿಯ ಮೀರಾ ಬೆನ್ ಅವರ ಮನಿ ಕಳವಾಗಿ ಆಕಿ ಮಂಗಳಸೂತ್ರ ಸೈತ ಹೋತು. ನಮ್ಮವ್ವ ಸಾಯೂ ಮುಂದ ತನ್ನ ಕೊಳ್ಳಾಗಿಂದು ತಗದು ನನಗ ಹಾಕಿದ ಸರ ಇದು. ಇದನ್ನ ಎಲ್ಲಿಡಲಿ? ಸಾಕ್ಸಿನ್ಯಾಗ ಇಡಲಿ? ಇಡೀ ಕ್ರೋಯ್ಡನ್‌ದಾಗ ಗಟ್ಟಿ ಕಪಾಟ ಅಂದ್ರ ಇದ. ನೀವು ಕ್ಲಬ್ಬಿಗೆ ಹೋಗೂ ರವಿವಾರ ನಸುಕಿನ್ಯಾಗ ತಗಿತೀನಿ, ನೀವು ಬಂದು ಮಲಗಿದ ಮ್ಯಾಲ ಮತ್ತ ಇಡ್ತೀನಿ. ಇವತ್ತ ಈ ಹೆಂಗಸು ಬರ್ತಾಳಂತ ಮುಂಜಾನಿ ಹೇಳಿದ್ರಿ, ಹೇಳಿದವರು ಸೋಫಾ ಬಿಟ್ಟು ಏಳಲಿಲ್ಲ!

ಚಂದ್ರಶೇಖರ್ ಒಂದು ಮಾತೂ ಬಿಡದೆ ಅನುವಾದ ಮಾಡಿದ. ಇಷ್ಟು ಶ್ರದ್ಧೆಯನ್ನು ಅವನು ಆಫೀಸಿನ ಕೆಲಸದಲ್ಲೂ ತೋರಿಸಿರಲಿಕ್ಕಿಲ್ಲ. ಆಫೀಸರ್ ಬೋರಮಾಳವನ್ನು ನಾಜೂಕಾಗಿ ಎತ್ತಿ, ಅದರ ಕೆಳಗಿದ್ದ ನಂಬರು ಬರೆದುಕೊಂಡು, ಸರವನ್ನು ಶಿವಕ್ಕನವರ ಕೈಗೆ ಕೊಟ್ಟರು.

ಆಫೀಸರ್: ಸರ ಬಹಳ ಚೆನ್ನಾಗಿದೆ. ಆದರೆ ಕೀ ಮನೆಯವರ ಕೈಗೆ ಸಿಗುತ್ತದೆ ಅಂದ ಮೇಲೆ ರೈಫಲ್ ಇಲ್ಲಿರುವಂತಿಲ್ಲ. ಕೀಗೆ ಸರಿಯಾದ ಏರ್ಪಾಡು ಆಗುವವರೆಗೆ ಅದು ಬೇರೊಬ್ಬ ಲೈಸೆನ್ಸುದಾರರ ಬಳಿ ಇರಲಿ. ಕೊಲಿಂಡೇಲ್‌ನಲ್ಲಿ ಒಬ್ಬರ ವ್ಯವಸ್ಥೆ ನೋಡಿದ್ದೆ, ಬಹಳ ಅಚ್ಚುಕಟ್ಟು. ಓ, ನೀವೇ ಅಲ್ಲವೇ?

ಚಂದ್ರಶೇಖರ್: ನಾನೇ. ಅಡಿವೆಪ್ಪನೋರೇ, ನನಗೇನೂ ಅಡ್ಡಿಯಿಲ್ಲ. ಆದರೆ ನನ್ನ ಕಪಾಟಲ್ಲಿ ಆ ಮಿಲಿಟರಿ ನಮೂನೆಯ ಪಕ್ಕದಲ್ಲೇ ನಿಲ್ಲಿಸಬೇಕಾಗುತ್ತೆ. ನಿಮ್ಮದಕ್ಕೆ ಮಡಿ ಕೆಡಲ್ವಾ?

ಅಡಿವೆಪ್ಪನವರು ಟೀಪಾಯಿಯ ಮೇಲಿನ ಠರಾವನ್ನು ಎತ್ತಿ ನಾಲ್ಕು ಮಡಿಕೆ ಮಾಡಿ ಅದರಿಂದ ಹಣೆಯ ಬೆವರು ಒರೆಸಿಕೊಂಡರು.

ಅಡಿವೆಪ್ಪ: ಹಿಡಿ ಮ್ಯಾಲ ಮಾಡಿ ನಿಲ್ಲಸೋ ತಮ್ಮಾ. ವಾರಕ್ಕೊಮ್ಮೆ ಎಣ್ಣಿ ಹಚ್ಚು. ಅದಕ್ಕ ಪರ ಮನಿಯಾಗ ಇದ್ದು ರೂಢಿಯಿಲ್ಲ.

ಹೇಳುತ್ತ ಕಪಾಟಿನತ್ತ ಹೋಗಿ ರೈಫಲ್ಲಿನ ಹಿಡಿಯನ್ನು ಒಮ್ಮೆ ಸವರಿದರು. ಇಪ್ಪತ್ತು ವರ್ಷ ಜೊತೆಗಿದ್ದ ಕಟ್ಟಿಗೆಯದು, ಯಾರಾದರೂ ಸವರಿಯಾರು.

ಆಫೀಸರ್: ಇನ್ನೊಂದು ಮಾತು. ಕೀ ಒಮ್ಮೆ ಬೇರೆಯವರ ಕೈಗೆ ಹೋಗಿದೆ ಅಂದ ಮೇಲೆ ಈ ಕಪಾಟನ್ನೂ ಬಿಚ್ಚಿ ತೆಗೆಸಿದರೆ ಒಳ್ಳೆಯದು.

ಈ ಒಂದು ಮಾತು ಶಿವಕ್ಕನವರಿಗೆ ಅನುವಾದವಿಲ್ಲದೆ ಅರ್ಥವಾಯಿತು. ಗಂಡನ ಕೈಯಿಂದ ಕೀಲಿಕೈ ಕಸಿದುಕೊಂಡು ಕಪಾಟಿಗೆ ಬೆನ್ನು ಕೊಟ್ಟು ನಿಂತರು.

ಶಿವಕ್ಕ: ತಮ್ಮಾ, ಆಕಿಗೆ ಬಿಡಿಸಿ ಹೇಳ್ರಿ. ಬಂದೂಕ ಒಯ್ಯಲಿ, ಗುಂಡು ಒಯ್ಯಲಿ, ಬೇಕಾದ್ರ ಇವರನ್ನೂ ಒಂದ ನಾಕ ದಿನ ಒಯ್ಯಲಿ. ಕಪಾಟ ಮಾತ್ರ ಇಲ್ಲೇ ಇರ್ತೈತಿ!