ಎನಿಡ್ ಕ್ಲಫ್ ಮನೆಯ ಚಳಿ ದೃಢೀಕರಣ

ಜನವರಿ ಒಂಬತ್ತರಂದು ಬೆಳಿಗ್ಗೆ ಏಳೂಕಾಲಿಗೆ ಯಾರ್ಕ್‌ಷೈರಿನ ಥಾರ್ನ್‌ಬೆಕ್ ಊರಿನ ನಮ್ಮ ಬೀದಿಯ ಹದಿನಾಲ್ಕನೆಯ ಮನೆಯಲ್ಲಿ, ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರ್ ನಿಂತುಹೋಯಿತು. ಈ ಸಂಗತಿಯ ಬಗ್ಗೆ ಯಾರದೂ ತಕರಾರಿಲ್ಲ. ಮುಂದಿನದೆಲ್ಲ ನಿಯಮಾನುಸಾರವೇ ನಡೆಯಿತು.

ಆ ಮನೆಯಲ್ಲಿರುವುದು ಇಬ್ಬರು: ಎಪ್ಪತ್ತಮೂರರ ಎನಿಡ್ ಕ್ಲಫ್ ಮತ್ತು ಅವರ ಗಂಡ ವಿಲ್ಫ್. ನಲವತ್ತು ವರ್ಷ ಉಣ್ಣೆ ಗಿರಣಿಯ ಧೂಳು ಕುಡಿದ ವಿಲ್ಫ್ ಅವರ ಎದೆಗೆ ಚಳಿ ಆಗಿಬರದು. ಮನೆ ಬಾಡಿಗೆಯದು, ಮಾಲೀಕರು ಬಾಡಿಗೆದಾರರ ಹಿತರಕ್ಷಣಾ ವಸತಿ ಸಂಘ.

ದೂರು ಕೊಟ್ಟ ನಾಲ್ಕನೆಯ ದಿನ ಸಂಘದ ದೋಷ ಪತ್ತೆ ವಿಭಾಗದ ಗ್ಲೆಡ್‌ಹಿಲ್ ಬಂದು, ಒಂಬತ್ತೇ ನಿಮಿಷದಲ್ಲಿ ದೋಷ ಪತ್ತೆ ಮಾಡಿದರು.

"ಅಮ್ಮಾ, ಒಳಗೇನೂ ಆಗಿಲ್ಲ. ನೀರು ಹೊರಗೆ ಹೋಗೋ ಪೈಪು ಹಿತ್ತಲಲ್ಲಿ ಹೆಪ್ಪುಗಟ್ಟಿದೆ. ಒಂದು ಕೆಟಲ್ ಬಿಸಿನೀರು ಸುರಿದ್ರೆ ಹತ್ಕೊಳ್ಳತ್ತೆ."

"ಕೆಟಲ್ ಕಾದಿದೆ. ಸುರಿಯಪ್ಪಾ."

"ನಾನು ಪತ್ತೆ ವಿಭಾಗ. ಸುರಿಯೋದು ದುರಸ್ತಿ ವಿಭಾಗ."

"ಹೋಗ್ಲಿ, ನಾನೇ ಸುರೀತೀನಿ ಬಿಡು."

ಗ್ಲೆಡ್‌ಹಿಲ್ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು. "ಹಂಗ್ ಮಾಡ್ಬೇಡಿ! ಬಾಡಿಗೆದಾರರು ಕೈ ಹಾಕಿದ್ರೆ ಮನೆ ಖಾಲಿ ಮಾಡಿಸ್ತಾರೆ. ಕಲಂ ಮೂವತ್ತೊಂದು."

ಆ ಬಿಸಿನೀರಿನಲ್ಲಿ ಅವರಿಗೇ ಟೀ ಆಯಿತು.

ವಾರದೊಳಗೆ ದುರಸ್ತಿ ವಿಭಾಗದ ಪತ್ರ ಬಂತು. "ದೋಷವಿದೆ ಎಂಬುದು ಚಳಿಯಿದೆ ಎಂಬುದಕ್ಕೆ ಪುರಾವೆಯಲ್ಲ. ಕೋಣೆಯ ಉಷ್ಣಾಂಶ ಹದಿನಾಲ್ಕು ಡಿಗ್ರಿಗಿಂತ ಕಡಿಮೆಯಿದೆಯೆಂದು ಶೀತ ದೃಢೀಕರಣಾಧಿಕಾರಿಗಳು ಒಂದು ಗಂಟೆ ಖುದ್ದಾಗಿ ಕುಳಿತು ದೃಢಪಡಿಸತಕ್ಕದ್ದು. ಕುಳಿತಿರುವಾಗ ಬಾಗಿಲು, ಕಿಟಕಿ ಮುಚ್ಚಿರತಕ್ಕದ್ದು."

ಅಧಿಕಾರಿ ಮಿಸ್ ಪಿಕಲ್ಸ್ ತುಂಬಿದ ಮೈಯವರು. ಅವರು ಕೂತಾಗ ಕೋಣೆ ಹದಿಮೂರು ಡಿಗ್ರಿಯಿತ್ತು. ಏಳುವಾಗ ಹದಿನಾಲ್ಕಾಗಿತ್ತು.

"ಕಡಿಮೆ ಇಲ್ವಲ್ಲ," ಎಂದರು.

"ಅದು ನಿಮ್ಮ ಮೈ ಬಿಸಿ ಕಣಮ್ಮಾ!" ಎಂದರು ಎನಿಡ್.

"ಇರ್ಬಹುದು. ಬಿಸಿ ಯಾರ್ದು ಅಂತ ಬರೆಯೋಕೆ ಫಾರಮ್ಮಲ್ಲಿ ಜಾಗ ಇಲ್ಲ."

ವಿಲ್ಫ್ ಎರಡು ಕೋಟು ತೊಟ್ಟು, ಬಿಸಿನೀರಿನ ಚೀಲ ತಬ್ಬಿಕೊಂಡು ಕೆಮ್ಮುತ್ತಿದ್ದುದು ಗೋಡೆಯಾಚೆ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಎನಿಡ್ ಫೋನಿನಲ್ಲಿ ಕೂಗಾಡಿದ್ದೂ ಕೇಳಿಸಿತು: "ಅವರು ಸತ್ರೆ ದೃಢೀಕರಿಸೋಕೆ ಯಾರನ್ನ ಕಳಿಸ್ತೀರಿ?"

"ಅದು ಬೇರೆ ವಿಭಾಗ. ಎರಡು ಒತ್ತಿ," ಎಂದು ಆ ಕಡೆಯವರು ಸೌಜನ್ಯದಿಂದ ತಿಳಿಸಿದರಂತೆ.

ಎನಿಡ್ ಎರಡು ಒತ್ತಲಿಲ್ಲ. ಮೇಲ್ಮನವಿ ಸಲ್ಲಿಸಿದರು. ವಿಚಾರಣೆಗೆ ಮಿಸ್ ಪಿಕಲ್ಸ್ ಸೇರಿ ಆರು ಜನರ ಸಮಿತಿ ಬಂತು. ಅಧ್ಯಕ್ಷರು ಆರ್ಮರಾಡ್ ಎಂಬ ಗಂಭೀರ ವ್ಯಕ್ತಿ. ನಾಲ್ಕು ಜನಕ್ಕೆ ಸಾಲದ ಕೋಣೆಯಲ್ಲಿ ಎಂಟು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಹೊತ್ತು ಹೋಗಲೆಂದು ವಿಲ್ಫ್ ಡಾಮಿನೊ ಆಟದ ಪೆಟ್ಟಿಗೆ ತೆಗೆದರು. ಅರ್ಧ ಗಂಟೆಗೆ ಹದಿನೇಳು, ಒಂದು ಗಂಟೆಗೆ ಹತ್ತೊಂಬತ್ತು ಡಿಗ್ರಿ. ವಿಲ್ಫ್ ಮೊದಲು ಒಂದು ಕೋಟು, ಆಮೇಲೆ ಇನ್ನೊಂದು ಕೋಟು ಬಿಚ್ಚಿದರು. ಹದಿನೆಂಟು ದಿನಗಳಲ್ಲಿ ಮೊದಲ ಬಾರಿಗೆ ಕೆಮ್ಮು ನಿಂತಿತು. ಅಧ್ಯಕ್ಷರನ್ನು ಎರಡು ಸಲ ಸೋಲಿಸಿದರು.

"ಸದರಿ ಮನೆ ಬೆಚ್ಚಗಿದೆ. ಮನವಿ ವಜಾ," ಎಂದು ಆದೇಶವಾಯಿತು.

ಎನಿಡ್ ಆದೇಶವನ್ನು ಓದಿದರು. ಗಂಡನ ಕೆನ್ನೆಗೆ ಬಂದಿದ್ದ ಬಣ್ಣವನ್ನು ನೋಡಿದರು. ಮಾರನೆಯ ಬೆಳಿಗ್ಗೆಯೇ ಇನ್ನೊಂದು ಮೇಲ್ಮನವಿ ಬರೆದರು, ಅದು ವಜಾ ಆದಮೇಲೆ ಮತ್ತೊಂದು. ಪ್ರತಿ ಮನವಿಯನ್ನೂ ಹೊಸದಾಗಿ ವಿಚಾರಿಸತಕ್ಕದ್ದೆಂಬ ನಿಯಮವಿದ್ದುದರಿಂದ, ಸಮಿತಿ ಸೋಮವಾರ, ಬುಧವಾರ, ಶುಕ್ರವಾರ ಕೂರತೊಡಗಿತು. ಫೆಬ್ರವರಿಯಲ್ಲಿ ಮಿಸ್ ಪಿಕಲ್ಸ್ ಕೇಕು ತರತೊಡಗಿದರು.

ಮಾರ್ಚಿನ ಮೂರನೆಯ ವಾರ ಹಿಮ ಕರಗಿತು. ಪೈಪಿನೊಳಗಿನ ಗಡ್ಡೆಯೂ ಕರಗಿ, ಇಪ್ಪತ್ತೊಂದನೆಯ ವಿಚಾರಣೆಯ ನಡುವೆ ಬಾಯ್ಲರ್ ಗುಡುಗಿ ತಾನಾಗಿ ಹೊತ್ತಿಕೊಂಡಿತು. ಎಲ್ಲರೂ ಅದರತ್ತ ತಿರುಗಿದರು. ಕೋಣೆ ಇಪ್ಪತ್ತಾರು ಡಿಗ್ರಿಗೆ ಏರಿದಾಗ ಅಧ್ಯಕ್ಷರು ಹಣೆ ಒರೆಸಿಕೊಂಡು, "ಇದು ಅನಧಿಕೃತ ಶಾಖ," ಎಂದರು.

"ಆರಿಸೇ ಅದನ್ನ," ಎಂದರು ವಿಲ್ಫ್. "ಸೆಕೆ ತಡೀಲಾರ್ದೆ ಇವ್ರೆಲ್ಲ ಎದ್ದು ಹೋಗ್ತಾರೆ ಅಷ್ಟೆ. ಆಟ ಅರ್ಧಕ್ಕೆ ನಿಂತಿದೆ."

"ಕಲಂ ಮೂವತ್ತೊಂದು ಇದ್ಯಲ್ರೀ," ಎಂದರು ಎನಿಡ್.

ಅಧ್ಯಕ್ಷರು ಪುಸ್ತಕ ತಿರುವಿ ನೋಡಿದರು. ಹೊತ್ತಿಸುವುದಕ್ಕೆ ನಿಷೇಧವಿತ್ತು, ಆರಿಸುವುದರ ಬಗ್ಗೆ ಚಕಾರವಿರಲಿಲ್ಲ. ಎನಿಡ್ ಹೋಗಿ ಆರಿಸಿ ಬಂದರು. ಮನವಿ ಎಂದಿನಂತೆ ವಜಾ ಆಯಿತು.

ಏಪ್ರಿಲಿನ ಬಿಸಿಲಿಗೆ ಕೋಣೆ ಮತ್ತೆ ಕಾದಾಗ ಕಿಟಕಿಗಳ ಪ್ರಶ್ನೆ ಎದ್ದಿತು. ಚಳಿಯನ್ನು ದೃಢೀಕರಿಸುವವರ ಅನುಕೂಲಕ್ಕಾಗಿ ವಿಚಾರಣೆಯ ವೇಳೆ ಕಿಟಕಿ ತೆರೆದಿಡತಕ್ಕದ್ದೆಂಬ ತಿದ್ದುಪಡಿಯನ್ನು ವಿಲ್ಫ್ ಸೂಚಿಸಿದರು, ಮಿಸ್ ಪಿಕಲ್ಸ್ ಅನುಮೋದಿಸಿದರು. ವಿರೋಧ ಯಾರದೂ ಇರಲಿಲ್ಲ.