‘ಬರ್ತೀನ್ರಿ’ ಅನ್ನುವ ಕಂಪ್ಯೂಟರ್

ಹೇಳದೆ ಕೇಳದೆ ಎದ್ದು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಮೊಸರು ಹಾಕುವವಳೂ ಹೊಸಿಲ ಬಳಿ ನಿಂತು ‘ಬರ್ತೀನವ್ವ’ ಅಂದೇ ಹೋಗುವುದು. ಜಗಳಕ್ಕೆಂದೇ ಬಂದ ಪಕ್ಕದ ಮನೆಯಾಕೆ ಕೂಡ ಜಗಳ ಮುಗಿದ ಮೇಲೆ, ಮುಖ ಆ ಕಡೆ ತಿರುಗಿಸಿಕೊಂಡಾದರೂ, ‘ಬರ್ತೀನಿ’ ಅನ್ನುತ್ತಾಳೆ. ಇಂಥ ಮರ್ಯಾದಸ್ಥರ ನಡುವೆ ಬೆಳೆದ ನಾನು ಕಂಪ್ಯೂಟರಿಗೂ ಅದನ್ನೇ ಕಲಿಸಲು ಹೋಗಿ ಒಬ್ಬ ಹೆಣ್ಣುಮಗಳ ಸೀರೆಗೆ ಕಲ್ಲು ಹಾಕುವುದರಲ್ಲಿದ್ದೆ.

ನನ್ನ ಕೆಲಸ ಸೀರೆಯ ಅಂಚುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು. ಅದನ್ನು ಮೊಳಕಾಲ್ಮೂರಿನ ಮಗ್ಗದ ಪಕ್ಕದಲ್ಲಿರುವ ಕಂಪ್ಯೂಟರಿಗೆ ಕಳಿಸಿದರೆ, ಮಗ್ಗ ಅದನ್ನು ಓದಿಕೊಂಡು ನೇಯುತ್ತದೆ. ಕಳಿಸುವುದಕ್ಕೆ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಚಿತ್ರ ನೋಡು, ಮಗ್ಗಕ್ಕೆ ತಿಳಿಯುವ ಹಾಗೆ ಬದಲಿಸು, ಅಲ್ಲಿಗೆ ಕಾಪಿ ಮಾಡು ಎಂದು ಸಾಲಾಗಿ ಆಜ್ಞೆಗಳು, ಅಷ್ಟೆ. ಮೊದಲು ಅದು ಕೆಲಸ ಮುಗಿಸಿ ಸುಮ್ಮನೆ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ನಮ್ಮತ್ತೆ ಆ ಕಪ್ಪು ಪರದೆಯನ್ನು ನೋಡಿ, ‘ಇದೇನೇ, ಒಂದ್ ಮಾತೂ ಆಡ್ದೆ ಹೋತು? ಸಿಟ್ಟು ಬಂದೈತಾ ಅದಕ್ಕೆ?’ ಎಂದರು. ನನಗೂ ಹೌದೆನ್ನಿಸಿತು. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ಎಲ್ಲಾ ಆತು, ಬರ್ತೀನ್ರಿ.’ ಅತ್ತೆಗೆ ಬಹಳ ಖುಷಿಯಾಯಿತು. ಸಂಜೆ ಬಂದವರಿಗೆಲ್ಲ ಅದನ್ನು ಓಡಿಸಿ ತೋರಿಸಿದ್ದೂ ಆಯಿತು.

ಈಗ ನಾಗರತ್ನಮ್ಮನ ವಿಷಯ. ಮೊಳಕಾಲ್ಮೂರಿನಲ್ಲಿ ಆಕೆ ಮದುವೆಯಾದಾಗಿನಿಂದ ಬೇರೆಯವರು ಕೊಟ್ಟ ಅಂಚನ್ನೇ ಕೂಲಿಗೆ ನೇಯ್ದವರು. ಈ ಸಲ ತಾವೇ ಹಳೆಯ ಕ್ಯಾಲೆಂಡರಿನ ಹಿಂದೆ ಗಿಣಿಗಳ ಸಾಲು ಬರೆದು ಕಳಿಸಿದ್ದರು. ಸೋಮವಾರ ಒಬ್ಬ ಅಂಗಡಿಯಾತ ನೋಡಲು ಬರುವವನಿದ್ದ. ಅವನಿಗೆ ಹಿಡಿಸಿದರೆ ಆಕೆಯದೇ ಅಂಚು, ಆಕೆಯದೇ ಸೀರೆ. ಇಲ್ಲದಿದ್ದರೆ ಮತ್ತೆ ಕೂಲಿ ಮಗ್ಗ. ಶುಕ್ರವಾರ ಬೆಳಿಗ್ಗೆ ನಾನು ಗಿಣಿಗಳನ್ನು ಕಳಿಸಿದೆ. ಪರದೆ ಬರ್ತೀನ್ರಿ ಅಂದಿತು, ಅವರ ಫೋನಿಗೆ ‘ತಲುಪಿದೆ’ ಎಂಬ ಸಂದೇಶವೂ ತಾನಾಗಿ ಹೋಯಿತು. ಮಧ್ಯಾಹ್ನ ಅವರೇ ಫೋನ್ ಮಾಡಿದರು.

‘ಮೇಡಮ್, ಗಿಣಿ ಎಲ್ಲೂ ಕಾಣ್ವಲ್ದು. ಹಳೇ ರುದ್ರಾಕ್ಷಿ ಅಂಚೇ ಬರ್ತೈತೆ.’

‘ಸರಿಯಾಗಿ ನೋಡ್ರಿ, ನನ್ನ ಸ್ಕ್ರೀನಿನಾಗೆ ತಲುಪಿದೆ ಅಂತ ಐತಲ್ಲ.’

‘ಅಯ್ಯೋ ದೇವುಡಾ! ಸೀರೆ ನಿಮ್ಮ ಸ್ಕ್ರೀನ್ ಒಳಗೈತಾ, ನನ್ನ ಮಗ್ಗದಾಗೈತಾ?’

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮತ್ತೆ ಕಳಿಸಿದೆ. ಮತ್ತೆ ಬರ್ತೀನ್ರಿ, ಮತ್ತೆ ರುದ್ರಾಕ್ಷಿ. ‘ನೇಯ್ದಷ್ಟೂ ಹೊಕ್ಕಿನ ನೂಲು ಬಿಚ್ಚಬೇಕು, ಎಳೆ ಎಳೆನೂ’ ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದಾಗ ಮಾತ್ರ ನಾನು ಸ್ಕ್ರಿಪ್ಟನ್ನು ತೆರೆದು ಕೂತೆ. ಆಕೆ ಸುಳ್ಳು ಹೇಳುವವರಲ್ಲ. ಹಾಗಾದರೆ ಹೇಳುತ್ತಿರುವುದು ನನ್ನ ಸ್ಕ್ರಿಪ್ಟೇ.

ಕಂಪ್ಯೂಟರಿನಲ್ಲಿ ಪ್ರತಿಯೊಂದು ಆಜ್ಞೆಯೂ ಹೋಗುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ. ಸೊನ್ನೆಯಾದರೆ ಕ್ಷೇಮ, ಬೇರೆ ಯಾವುದಾದರೂ ಆದರೆ ಏನೋ ಎಡವಟ್ಟು. ಆದರೆ ನಾನು ಬರೆದಿದ್ದ ರೀತಿಯಲ್ಲಿ, ಇಡೀ ಸ್ಕ್ರಿಪ್ಟಿನ ಅಂಕಿ ಎಂದರೆ ಕೊನೆಯ ಸಾಲಿನ ಅಂಕಿ; ಅದು ಸೊನ್ನೆಯಾದರೆ ‘ತಲುಪಿದೆ’ ಎಂಬ ಸಂದೇಶ ಹೊರಡುತ್ತದೆ. ಒಂದೊಂದೇ ಸಾಲನ್ನು ಕೈಯಲ್ಲಿ ಓಡಿಸಿ, ‘ಏನಪ್ಪಾ ನಿನ್ನ ಅಂಕಿ?’ ಎಂದು ವಿಚಾರಿಸುತ್ತಾ ಬಂದೆ. ಕಾಪಿ ಮಾಡುವ ಸಾಲು ‘ಒಂದು’ ಎಂದಿತು. ಅಂದರೆ ಕಾಪಿ ಆಗಿಯೇ ಇಲ್ಲ! ಅದರ ಹಿಂದೆಯೇ ಬಂದ ನನ್ನ ಬರ್ತೀನ್ರಿ ಸೊನ್ನೆ ಎಂದಿತು. ಬರ್ತೀನಿ ಅನ್ನುವುದರಲ್ಲಿ ಯಾರಾದರೂ ಸೋಲುತ್ತಾರೆಯೇ? ಮನೆಗೆ ಬೆಂಕಿ ಬಿದ್ದರೂ ಅದನ್ನು ಹೇಳಿ ಹೋಗಬಹುದು. ತಪ್ಪಿನ ಸುದ್ದಿಯನ್ನು ನನ್ನ ಮರ್ಯಾದೆಯೇ ಒರೆಸಿಹಾಕಿತ್ತು. ಮಗ್ಗವೋ, ಹೊಸದು ಬರದಿದ್ದಕ್ಕೆ ಹಳೆಯದನ್ನೇ ನೇಯುತ್ತಿತ್ತು.

ಕಾಪಿಯ ಅಂಕಿಯನ್ನು ಮೊದಲು ತೆಗೆದಿಟ್ಟುಕೊಂಡು, ಆಮೇಲೆ ಬರ್ತೀನ್ರಿ ಹೇಳಿ, ಹೋಗುವಾಗ ತೆಗೆದಿಟ್ಟ ಅಂಕಿಯನ್ನೇ ಒಪ್ಪಿಸಿ ಹೋಗುವಂತೆ ತಿದ್ದಿದೆ. ಓಡಿಸಿದೆ. ಸೋತಿತು! ನನ್ನ ಸ್ಕ್ರಿಪ್ಟ್ ಸೋತದ್ದಕ್ಕೆ ನಾನು ಚಪ್ಪಾಳೆ ತಟ್ಟಿದ್ದನ್ನು ನೋಡಿ ಅತ್ತೆ ಶೇಂಗಾ ಸುಲಿಯುವುದನ್ನೇ ನಿಲ್ಲಿಸಿದರು. ಬರ್ತೀನ್ರಿಯ ಮೇಲೆ ಬಿದ್ದಿದ್ದ ಸಾಲನ್ನು ಈಗ ಓದಿದಾಗ ಕಾರಣವೂ ತಿಳಿಯಿತು: ಮಗ್ಗದ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಫೋನ್ ಮಾಡಿದೆ. ನಾಗರತ್ನಮ್ಮ ಫೋನ್ ಹಿಡಿದುಕೊಂಡೇ ಗಂಡ ಓಬಳೇಶಪ್ಪನನ್ನು ತರಾಟೆಗೆ ತೆಗೆದುಕೊಂಡರು. ಆತ ತನ್ನ ಬಯಲಾಟದ ವಿಡಿಯೋಗಳನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದ.

‘ಲೇ, ಅದ್ರಾಗೆ ನನ್ನ ರಾಜನ ಪಾರ್ಟ್ ಐತೆ ಕಣೇ!’

‘ರಾಜನ್ನ ನಿಮ್ಮ ಫೋನಿಗೆ ಕರ್ಕೊಂಡು ಹೋಗ್ರಿ. ಇಲ್ಲಿ ನನ್ನ ಗಿಣಿ ಬರ್ಬೇಕು.’

ಜಾಗವಾದ ಮೇಲೆ ಮತ್ತೆ ಕಳಿಸಿದೆ, ಈ ಸಲ ಕಾಪಿಯ ಅಂಕಿಯೂ ಸೊನ್ನೆ ಬಂತು. ಆದರೂ ಮನಸ್ಸು ತಡೆಯದೆ ಭಾನುವಾರ ಬಸ್ಸು ಹತ್ತಿ ಮೊಳಕಾಲ್ಮೂರಿಗೇ ಹೋದೆ. ಹಸಿರು ಅಂಚಿನಲ್ಲಿ ಗಿಣಿಗಳು ಒಂದರ ಹಿಂದೊಂದು ಬರುತ್ತಿದ್ದವು. ನಾಗರತ್ನಮ್ಮ ನನ್ನನ್ನು ಕೂರಲು ಕೂಡ ಹೇಳಲಿಲ್ಲ, ಮಗ್ಗದಿಂದ ಕಣ್ಣು ಕೀಳಲಿಲ್ಲ. ಹೊರಟಾಗಲೂ ನವಿಲು ಬರೆದ ಹಾಳೆಯೊಂದನ್ನು ನನ್ನತ್ತ ನೋಡದೆಯೇ ಚಾಚಿದರು. ಅಂದು ನನಗೆ ಚೂರೂ ಸಿಟ್ಟು ಬರಲಿಲ್ಲ.

ಸೋಮವಾರ ಸಂಜೆ ಫೋನ್ ಬಂತು. ‘ಒಪ್ಕಂಡ್ರು ಮೇಡಮ್! ಇಂಥವೇ ಇನ್ನೂ ಬೇಕಂತೆ. ಇನ್ಮ್ಯಾಲೆ ನಂದೇ ಅಂಚು.’ ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಆಕೆ, ‘ನಿನ್ನೆ ನವಿಲು ಬರ್ದು ಕೊಟ್ಟಿದ್ನಲ್ಲ, ಅದು ಆತಾ?’ ಎಂದರು.

‘ಆತು ನಾಗರತ್ನಮ್ಮ, ಎಲ್ಲಾ ಆತು!’

ಆಕೆ ಮೆಲ್ಲಗೆ ಕೇಳಿದರು: ‘ನಿಜವಾಗ್ಲೂ ಆಗೈತಾ ಮೇಡಮ್, ಇಲ್ಲ ಬರೀ ಮರ್ಯಾದಿಗೆ ಹೇಳ್ತಿದ್ದೀರಾ?’

ನವಿಲಿನ ಕೊಕ್ಕನ್ನೂ ನಾನಿನ್ನೂ ಬಿಡಿಸಿರಲಿಲ್ಲ.